ನಾಲ್ಕು ಕೊಂಬಿನ ನಂದಿ

ಜೋಡಿಚಿತ್ರದ ಪೆಟ್ಟಿಗೆಯನ್ನು ಕಣ್ಣಿಗೆ ಹಿಡಿದವರು ಮೊದಲು ಹೇಳುವ ಮಾತನ್ನು ನಂಬಬಾರದು. ಎಲ್ಲರೂ ‘ಭಲೇ’ ಎನ್ನುತ್ತಾರೆ. ಪೆಟ್ಟಿಗೆ ಕೆಳಗಿಟ್ಟ ಮೇಲೆ ಅವರ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಹುಬ್ಬುಗಳ ನಡುವೆ ಹೋದರೆ ಲೆನ್ಸುಗಳ ಅಂತರ ತಪ್ಪಿದೆ ಎಂದು ಅರ್ಥ. ಹೊಟ್ಟೆಯ ಮೇಲೆ ಹೋದರೆ ಚಿತ್ರ ಅಂಟಿಸಿದ್ದು ತಪ್ಪಿದೆ. ಕೈ ಎಲ್ಲಿಗೂ ಹೋಗದೆ, ಪಕ್ಕದವರಿಗೆ ಕೊಡಲು ಮನಸ್ಸಿಲ್ಲದೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಕೆಲಸ ಸರಿಯಾಗಿದೆ. ಈಗ ಪ್ಲಾಸ್ಟಿಕ್ಕಿನ ಹಗುರ ಪೆಟ್ಟಿಗೆಗಳು ಬಂದಿವೆ. ಅವನ್ನು ಮಾರುವವರೂ ರಿಪೇರಿ ಮಾಡುವವರೂ ಆಗಾಗ ನನ್ನ ಬಳಿ ಬಂದು ‘ನೋಡಿದವರಿಗೆ ತಲೆನೋವು ಯಾಕೆ ಬರುತ್ತದೆ’ ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವಷ್ಟು ಚೈತನ್ಯ ಈಗ ಇಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಆದೋನಿಯಲ್ಲಿ, ಹುಸೇನ್ ಸಾಹೇಬರ ಫೋಟೋ ಅಂಗಡಿಯಲ್ಲಿ. ಆಗ ಆದೋನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಂಗಡಿ ಹೇಗೆ ಮುಚ್ಚಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯುದ್ಧ ಬಂತು, ಗಾಜಿನ ಪ್ಲೇಟು ಸಿಗದಾಯಿತು, ಲೆನ್ಸು ಬರುವುದು ನಿಂತಿತು, ಊರಿನ ಮಂದಿ ಟಾಕೀಸಿಗೆ ಹೋಗತೊಡಗಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಆಮೇಲೆ ನಾನು ಬಳ್ಳಾರಿಯ ಒಂದು ಪತ್ರಿಕಾ ಕಚೇರಿಗೆ ಸೇರಿದೆ. ಕಂಡದ್ದನ್ನು ಕಂಡಷ್ಟೇ ಬರೆಯಬೇಕು ಎಂಬುದನ್ನು ಅಲ್ಲಿ ಬೈಸಿಕೊಂಡು ಕಲಿತೆ. ಇಲ್ಲಿಯೂ ಅಷ್ಟನ್ನೇ ಮಾಡುತ್ತೇನೆ.

ಪೆಟ್ಟಿಗೆ ಎಂದರೆ ಏನು ಎಂದು ತಿಳಿಯದವರಿಗೆ: ತೇಗದ ಒಂದು ಹಿಡಿ, ಅದರ ಮೇಲೆ ಅಡ್ಡಪಟ್ಟಿ, ಪಟ್ಟಿಯ ಈ ತುದಿಗೆ ಎರಡು ಲೆನ್ಸು, ಆ ತುದಿಗೆ ಕಾರ್ಡು ಸಿಕ್ಕಿಸುವ ತಂತಿ. ಕಾರ್ಡಿನ ಮೇಲೆ ಒಂದೇ ನೋಟದ ಎರಡು ಚಿತ್ರ. ಒಂದು ಎಡಗಣ್ಣಿಗೆ ಕಂಡಂತೆ, ಇನ್ನೊಂದು ಬಲಗಣ್ಣಿಗೆ ಕಂಡಂತೆ. ಎರಡೂ ಕಣ್ಣು ತಮ್ಮ ತಮ್ಮ ಚಿತ್ರ ನೋಡಿದಾಗ ಒಳಗೆ ಅವು ಕೂಡಿ ಒಂದಾಗುತ್ತವೆ. ಮರ ಮುಂದಕ್ಕೂ ಬೆಟ್ಟ ಹಿಂದಕ್ಕೂ ಹೋಗಿ ನಿಲ್ಲುತ್ತವೆ. ನಮ್ಮ ಕಡೆ ಮಂದಿ ಇದನ್ನೂ ದುರ್ಬೀನು ಎಂದೇ ಕರೆಯುತ್ತಿದ್ದರು. ಕೂಡಿಸುವ ಕೆಲಸವನ್ನು ಮಾಡುವುದು ನೋಡುವವನ ಕಣ್ಣು, ನಾವಲ್ಲ. ನಮ್ಮ ಕೆಲಸ ಆ ಕಣ್ಣಿಗೆ ದಣಿವಾಗದಂತೆ ನೋಡಿಕೊಳ್ಳುವುದು. ಸುಲಭ ಎನಿಸುತ್ತದೆ. ಅಲ್ಲ.

ಸಾಹೇಬರದು ಅಗಲ ಮುಖ. ಮೊದಮೊದಲು ಎಲ್ಲ ಪೆಟ್ಟಿಗೆಗಳ ಲೆನ್ಸನ್ನೂ ತಮ್ಮ ಕಣ್ಣಿಗೆ ಸರಿಹೊಂದುವ ಅಂತರಕ್ಕೆ ಕೂರಿಸಿಬಿಟ್ಟರು. ಗಂಡಸರಿಗೆ ಅಷ್ಟು ತೊಂದರೆಯಾಗಲಿಲ್ಲ. ಮನೆಗಳ ಒಳಗೆ ಹೋದ ಪೆಟ್ಟಿಗೆಗಳೆಲ್ಲ ತಿರುಗಿ ಬಂದವು. ಹೆಂಗಸರ ಕಣ್ಣುಗಳ ನಡುವಿನ ಅಂತರ ಸಾಮಾನ್ಯವಾಗಿ ಕಡಿಮೆ. ಅವರ ಕಣ್ಣುಗಳು ಹೊರಕ್ಕೆ ಎಳೆದಂತಾಗಿ ನೋವು ಬರುತ್ತಿತ್ತು. ದೇವನಕೊಂಡದಿಂದ ಬಂದ ಒಬ್ಬ ರೈತರು ಪೆಟ್ಟಿಗೆಯನ್ನು ಗಲ್ಲೆಯ ಮೇಲೆ ಇಟ್ಟು, ‘ಸಾಬ್ರ, ಇದರಾಗ ದೆವ್ವ ಐತಿ ಅಂತಾಳ ನಮ್ಮಾಕಿ. ನೋಡಿದಾಗೆಲ್ಲ ತಲಿ ಹಿಡೀತೈತಂತ’ ಎಂದರು. ‘ದೆವ್ವ ಅಲ್ರೀ, ನನ್ನ ಮುಖ ಐತಿ ಅದರಾಗ’ ಎಂದರು ಸಾಹೇಬರು. ಅಂದಿನಿಂದ ಲೆನ್ಸನ್ನು ಅತ್ತಿತ್ತ ಸರಿಸುವ ಜಾರುಪಟ್ಟಿ ಮಾಡಿಸಿದರು.

ಅಂಟಿಸುವುದರಲ್ಲಿ ಇನ್ನೂ ಕಷ್ಟ. ಎರಡು ಚಿತ್ರಗಳಲ್ಲಿ ಒಂದು ನೂಲಿನಷ್ಟು ಮೇಲೆ ಕೆಳಗೆ ಆದರೂ ಸಾಕು. ಕಣ್ಣು ಪಕ್ಕಕ್ಕೆ ಹೊಂದಿಕೊಳ್ಳುತ್ತದೆ, ಮೇಲೆ ಕೆಳಗೆ ಹೊಂದಿಕೊಳ್ಳುವುದಿಲ್ಲ. ಒಬ್ಬ ವಕೀಲರು ಊಟವಾದ ಮೇಲೆ ಅಂತಹ ಕಾರ್ಡುಗಳನ್ನು ಒಂದಾದ ಮೇಲೊಂದು ನೋಡಿ ವಾಂತಿ ಮಾಡಿಕೊಂಡರು. ಅಡಿಗೆಯವರನ್ನು ಬೈದರಂತೆ.

ಮೂರನೆಯದು ಹತ್ತಿ. ಆದೋನಿಯಲ್ಲಿ ಜಿನ್ನಿಂಗ್ ಫ್ಯಾಕ್ಟರಿಗಳು ಶುರುವಾದರೆ ಗಾಳಿಯೆಲ್ಲ ನಾರು. ಎರಡೂ ಲೆನ್ಸಿನ ಮೇಲೆ ಧೂಳಿದ್ದರೆ ಚಿತ್ರ ಮಸುಕಾಗುತ್ತದೆ, ಅಷ್ಟೇ. ಒಂದೇ ಲೆನ್ಸಿನ ಮೇಲೆ ಒಂದು ಎಳೆ ಕೂತರೆ ಅದು ಚಿತ್ರದ ಮುಂದೆ ಗಾಳಿಯಲ್ಲಿ ತೇಲುತ್ತ, ಹಿಡಿಯಲು ಹೋದರೆ ತಪ್ಪಿಸಿಕೊಳ್ಳುತ್ತ, ಕಣ್ಣನ್ನು ಸಾಯಿಸುತ್ತದೆ. ನನ್ನ ನೌಕರಿಯ ಬಹುಪಾಲು ಒರೆಸುವುದರಲ್ಲಿಯೇ ಹೋಯಿತು. ಹಳೆಯ ತೆಳು ಮಲ್ಲು ಬಟ್ಟೆ ಒಳ್ಳೆಯದು. ಹೊಸದು ಬೇಡ.

ಇಷ್ಟೆಲ್ಲ ಕಲಿತ ಮೇಲೂ ಒಂದು ಚಿತ್ರದಲ್ಲಿ ನಾವು ಸೋತೆವು. ಉಳಿದುದೆಲ್ಲ ಅದರ ಕಥೆ.

ಬಸವಲಿಂಗಪ್ಪನವರು ಹತ್ತಿ ವ್ಯಾಪಾರಿಗಳು. ಮನೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ. ಒಂದು ಮುಂಜಾನೆ ಅಂಗಡಿಗೆ ಬಂದು ಕುಳಿತು, ಬಹಳ ಹೊತ್ತು ಹವಾಮಾನದ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು.

‘ಸಾಬ್ರ, ನಮ್ಮವ್ವಗ ಕಾಶಿ ಬ್ಯಾಡಂತ, ರಾಮೇಶ್ವರ ಬ್ಯಾಡಂತ. ಶ್ರೀಶೈಲದ ಶಿಖರ ಒಂದು ನೋಡಬೇಕಂತ. ಆಕೀಗ ಈಗ ಗಾಡಿ ಹತ್ತಾಕೂ ಆಗಂಗಿಲ್ಲ. ಕಣ್ಣಿಗೆ ಬ್ಯಾರೆ ಪೊರಿ ಬರಾಕ ಹತ್ತೈತಿ. ನೀವು ಆ ಡಬ್ಬ್ಯಾಗ ಹಾಕ್ಕೊಂಡು ಬಂದು ತೋರಸ್ತೀರೇನು?’

‘ಡಬ್ಬಿ ಅನ್ನಬ್ಯಾಡ್ರೀ ಸಾವ್ಕಾರ್ರ,’ ಎಂದರು ಸಾಹೇಬರು. ‘ಡಬ್ಬ್ಯಾಗ ತುಪ್ಪ ಇಡ್ತಾರ.’

ಶ್ರೀಶೈಲದ ಮಲ್ಲಯ್ಯನ ಗುಡಿಯ ಶಿಖರವನ್ನು ದೂರದ ಶಿಖರೇಶ್ವರದ ಎತ್ತರದಿಂದ ನೋಡುವುದು ನಮ್ಮ ಕಡೆಯ ಶೈವ ಮನೆತನಗಳಲ್ಲಿ ದೊಡ್ಡ ವಿಷಯ. ಅಲ್ಲಿ ಕಲ್ಲಿನ ಸಣ್ಣ ನಂದಿ ಇದೆ. ಎಳ್ಳು ಹಾಕಿ ನಂದಿಯನ್ನು ಮೆಲ್ಲಗೆ ತಿರುಗಿಸಿ, ಹಿಂದೆ ಬಗ್ಗಿ ನಿಂತು, ಎರಡು ಕೊಂಬುಗಳ ನಡುವಿನಿಂದ ಶಿಖರವನ್ನು ನೋಡಬೇಕು. ಕಂಡವರಿಗೆ ಮತ್ತೆ ಹುಟ್ಟಿಲ್ಲ ಎಂದು ನಂಬಿಕೆ. ಆ ಕಾಲಕ್ಕೆ ಆತ್ಮಕೂರಿನಿಂದ ಆಚೆ ಕಾಡಿನಲ್ಲಿ ನಡೆದೇ ಹೋಗಬೇಕಿತ್ತು.

ಅವರ ತಾಯಿ ನೀಲಮ್ಮನವರನ್ನು ನೋಡಲು ಹೋದೆವು. ಪಡಸಾಲೆಯಲ್ಲಿ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಕಣ್ಣು ನೋಡಬೇಕಾಗಿರಲಿಲ್ಲ, ಬೆರಳೇ ಮಾಡುತ್ತಿದ್ದವು. ಸಾಹೇಬರು ಅವರ ಎರಡು ಕಣ್ಣಿನ ಅಂತರ ಅಳೆದುಕೊಂಡರು. ಒಂದೊಂದೇ ಕಣ್ಣು ಮುಚ್ಚಿಸಿ, ಎದುರಿನ ಗೋಡೆಯ ಗೂಡಿನಲ್ಲಿ ಏನಿದೆ ಎಂದು ಕೇಳಿದರು. ಬಲಗಣ್ಣು ಪರವಾಗಿಲ್ಲ. ಎಡಗಣ್ಣಿಗೆ ಪೊರೆ ಹೆಚ್ಚಾಗಿತ್ತು.

‘ನಾನು ಒಮ್ಮಿ ಹೊಂಟಿದ್ದೆ ಸಾಬ್ರ,’ ಎಂದರು ನೀಲಮ್ಮ. ‘ನಮ್ಮ ಯಜಮಾನರ ಜೋಡಿ. ಆತ್ಮಕೂರು ಮುಟ್ಟಿದ್ವಿ. ಬಗಲಾಗಿನ ಕೂಸಿಗೆ ಜ್ವರ ಬಂತು. ತಿರುಗಿ ಬಂದ್ವಿ. ಆ ಕೂಸ ಈಗ ಮೀಸಿ ಬಿಟ್ಕೊಂಡು ಕೇಳ್ತೈತಿ, ಅವ್ವಾ ನಿನಗ ಏನ್ ಬೇಕು ಅಂತ.’

ಬಸವಲಿಂಗಪ್ಪನವರು ಬಾಗಿಲ ಕಡೆ ನೋಡಿದರು.

‘ಚಿತ್ರದಾಗ ನೋಡಿದ್ರ ಮಲ್ಲಯ್ಯ ಅದನ್ನ ಲೆಕ್ಕಕ್ಕ ಹಿಡೀತಾನೇನು?’ ಎಂದು ನೀಲಮ್ಮ ಕೇಳಿದರು.

‘ಅದು ನಿಮಗೂ ನಿಮ್ಮ ಮಲ್ಲಯ್ಯಗೂ ಬಿಟ್ಟದ್ದು ಅಮ್ಮಾ. ಕಾಣಂಗ ಮಾಡೋದು ನನ್ನ ಕೆಲಸ.’

ಶಿವರಾತ್ರಿಯ ಗದ್ದಲ ಇಳಿದ ಮೇಲೆ ನಾವಿಬ್ಬರೂ ಹೊರಟೆವು. ಜೋಡಿ ಲೆನ್ಸಿನ ಕ್ಯಾಮೆರಾ, ಪ್ಲೇಟುಗಳ ಪೆಟ್ಟಿಗೆ, ಮುಕ್ಕಾಲಿ ಹೊರಲು ಆತ್ಮಕೂರಿನಲ್ಲಿ ಒಬ್ಬ ಆಳನ್ನು ಮಾಡಿಕೊಂಡೆವು. ಆತ ದಾರಿಯುದ್ದಕ್ಕೂ ಸಾಹೇಬರನ್ನು ಕೆಣಕುತ್ತಿದ್ದ. ‘ಸಾಬ್ರೂ ಮಲ್ಲಯ್ಯನ ಶಿಖರ ನೋಡಿಬಿಟ್ರ ಮತ್ತ ಹುಟ್ಟಂಗಿಲ್ಲಲ್ರೀ, ಏನ್ ಮಾಡ್ತೀರಿ?’ ‘ಭಾಳ ಛಲೋ ಆತು,’ ಎಂದರು ಸಾಹೇಬರು. ‘ನಮ್ಮ ಬೇಗಮ್ಮಿಗೆ ಹೇಳು, ಆಕಿ ಸಕ್ಕರಿ ಹಂಚ್ತಾಳ.’

ಜೋಡಿಚಿತ್ರಕ್ಕೆ ಒಂದು ನಿಯಮವಿದೆ. ತೀರ ಹತ್ತಿರದ ವಸ್ತುವನ್ನೂ ತೀರ ದೂರದ ವಸ್ತುವನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಾರದು. ಕಣ್ಣು ಒಂದನ್ನು ಕೂಡಿಸಿದರೆ ಇನ್ನೊಂದು ಎರಡಾಗಿ ಒಡೆಯುತ್ತದೆ. ಹತ್ತಿರದ್ದು ಕನಿಷ್ಠ ಎರಡಾಳಿನ ದೂರದಲ್ಲಾದರೂ ಇರಬೇಕು. ಸಾಹೇಬರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಶಿಖರೇಶ್ವರದಲ್ಲಿ ಮುಕ್ಕಾಲಿಯನ್ನು ಹಿಂದೆ ಇಡಲು ಹೋದರು. ಅಲ್ಲಿದ್ದ ಪೂಜಾರಿ ತೆಲುಗಿನವರು. ‘ಅಟ್ಲಾ ಕಾದು ಸಾಯಿಬೂ, ದಗ್ಗರ ನುಂಚಿ ಚೂಡಾಲಿ’ ಎಂದರು. ಹಾಗಲ್ಲ, ಹತ್ತಿರದಿಂದ ನೋಡಬೇಕು. ಕೊಂಬಿನ ಹಿಂದೆಯೇ ಕಣ್ಣು ಇರಬೇಕು. ದೂರದಿಂದ ನೋಡಿದರೆ ಅದು ದರ್ಶನವಲ್ಲ.

ಸಾಹೇಬರು ಮುಕ್ಕಾಲಿಯಿಂದ ಕೈ ತೆಗೆದರು. ‘ಆಯಮ್ಮ ಇಲ್ಲಿಗೆ ಬಂದಿದ್ರ ಹೆಂಗ ನೋಡ್ತಿದ್ರೋ ಹಂಗ ತಗಿಯೋಣ,’ ಎಂದರು. ನನಗೂ ಅದು ಸರಿ ಎನಿಸಿತು. ಮುಕ್ಕಾಲಿಯನ್ನು ಮುಂದೆ ತಂದೆವು. ಕರಿಬಟ್ಟೆಯೊಳಗೆ ತಲೆಯಿಟ್ಟು ಎಡ ಲೆನ್ಸಿನ ಗಾಜಿನಲ್ಲಿ ಶಿಖರವನ್ನು ಕೊಂಬುಗಳ ನಟ್ಟನಡುವೆ ತಂದುಕೊಂಡರು. ಬಲ ಲೆನ್ಸಿನ ಗಾಜನ್ನು ನೋಡಲಿಲ್ಲ. ಎಡದಲ್ಲಿ ಸರಿಯಿದ್ದರೆ ಬಲದಲ್ಲೂ ಸರಿಯಿರುತ್ತದೆ ಎಂಬುದು ಈ ಕೆಲಸದವರ ರೂಢಿ. ಬೆಟ್ಟ, ಕೋಟೆ, ಕೆರೆಗೆ ಆ ರೂಢಿ ಸಾಕಾಗುತ್ತದೆ.

ಕಾರ್ಡು ತಯಾರಾದ ಮೇಲೆ ಅಂಗಡಿಯಲ್ಲಿ ಇಬ್ಬರೂ ನೋಡಿದೆವು. ಕೊಂಬು ಮೊದಲು ಒಡೆದಂತೆ ಕಂಡು, ಕಣ್ಣನ್ನು ಸ್ವಲ್ಪ ಒಳಗೆಳೆದುಕೊಂಡರೆ ಕೂಡಿಕೊಳ್ಳುತ್ತಿತ್ತು. ಕಣ್ಣು ಸಡಿಲಬಿಟ್ಟರೆ ಶಿಖರದ ಬಿಳಿಚುಕ್ಕೆ ಸಿಗುತ್ತಿತ್ತು. ಆಗಬಹುದು ಎಂದುಕೊಂಡೆವು. ಹೊಸಬರು ಇದನ್ನು ನೆನಪಿಡಬೇಕು. ದಿನಾ ಪೆಟ್ಟಿಗೆ ನೋಡುವವರ ಕಣ್ಣು ಪಳಗಿದ ಎತ್ತಿನಂತೆ, ಎಂಥ ಗಾಡಿಗೆ ಕಟ್ಟಿದರೂ ಎಳೆಯುತ್ತದೆ. ಚಿತ್ರ ಚೆನ್ನಾಗಿದೆಯೇ ಎಂದು ತೀರ್ಮಾನಿಸಲು ನಮಗಿಂತ ಕೆಟ್ಟ ಕಣ್ಣಿಲ್ಲ.

ನೀಲಮ್ಮನವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗದ ಪೂಜೆ ಮುಗಿಸಿ ಕುಳಿತಿದ್ದರು. ಮಗ, ಸೊಸೆ ಪಕ್ಕದಲ್ಲಿದ್ದರು. ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು, ಬೆಳಕಿನ ಕಡೆ ತಿರುಗಿಸಿ, ಕಾರ್ಡನ್ನು ಹಿಂದೆ ಮುಂದೆ ಸರಿಸಿದೆ. ಬಹಳ ಹೊತ್ತು ನೋಡಿದರು.

‘ನಂದೀಗೆ ನಾಲ್ಕು ಕೊಂಬು ಅದಾವಲ್ಲಪ್ಪಾ.’

‘ಎರಡ ಅದಾವವ್ವಾ,’ ಎಂದರು ಬಸವಲಿಂಗಪ್ಪ. ‘ಸರಿಯಾಗಿ ನೋಡು.’

‘ಎರಡು ಗಟ್ಟಿ, ಎರಡು ಮಂಜು. ಶಿಖರ ಇಲ್ಲ.’

ಸಾಹೇಬರು ಜಾರುಪಟ್ಟಿ ಸರಿಸಿದರು, ಲೆನ್ಸು ಒರೆಸಿದರು. ನೀಲಮ್ಮನವರು ಮತ್ತೆ ನೋಡಿದರು. ಹಣೆಯಲ್ಲಿ ಬೆವರು ಬಂತು. ಸೊಸೆ ಪೆಟ್ಟಿಗೆ ತೆಗೆದುಕೊಂಡರು. ನೀಲಮ್ಮ ದನಿ ಏರಿಸಲಿಲ್ಲ.

‘ನನಗ ಕಾಣಬಾರದು ಅಂತ ಐತಿ. ಅವತ್ತು ಅರ್ಧ ದಾರೀಗ ತಿರುಗಿಸಿದ. ಇವತ್ತು ಕೊಂಬು ಅಡ್ಡ ಇಟ್ಟ. ಇರಲಿ ಬಿಡ್ರಿ.’

ಮರುದಿನ ಬಸವಲಿಂಗಪ್ಪನವರು ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ. ‘ಆಕಿ ಬತ್ತಿ ಹೊಸಿಯೋದು ಬಿಟ್ಟಾಳ್ರೀ ಸಾಬ್ರ. ಮಲ್ಲಯ್ಯಗ ನಾನು ಬ್ಯಾಡಾದ್ರ ನನ್ನ ಬತ್ತಿ ಯಾಕ ಅಂತಾಳ. ನಾನು ಈ ಉಸಾಬರೀಗ ಹೋಗಬಾರದಿತ್ತು.’ ಅಷ್ಟು ಹೇಳಿ ಹೋದರು. ಅವರು ಬೈದಿದ್ದರೆ ಹಗುರಾಗುತ್ತಿತ್ತು.

ಸಾಹೇಬರು ಕಾರ್ಡಿನ ಎರಡು ಚಿತ್ರಗಳನ್ನು ಬೇರೆ ಬೇರೆಯಾಗಿ ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದರು. ಎಡದ ಚಿತ್ರದಲ್ಲಿ ಶಿಖರ ಕೊಂಬುಗಳ ನಡುವೆ ಸರಿಯಾಗಿ ಇತ್ತು. ಬಲದ ಚಿತ್ರದಲ್ಲಿ ಬಲಗೊಂಬು ಶಿಖರವನ್ನು ಪೂರ್ತಿ ಮುಚ್ಚಿತ್ತು. ಆ ಲೆನ್ಸು ನಾಲ್ಕು ಬೆರಳು ಬಲಕ್ಕಿತ್ತಲ್ಲ, ಅಷ್ಟು ಹತ್ತಿರದಲ್ಲಿ ನಾಲ್ಕು ಬೆರಳೇ ಬಹಳ. ಶಿಖರ ಬಿದ್ದದ್ದು ನೀಲಮ್ಮನವರ ಪೊರೆಗಣ್ಣಿನ ಪಾಲಿಗೆ. ಒಳ್ಳೆಯ ಕಣ್ಣಿಗೆ ಸಿಕ್ಕಿದ್ದು ಬರೀ ಕೊಂಬು.

ಆಗ ನನಗೆ ಹೊಳೆದದ್ದನ್ನು ಹೇಳಿದೆ. ‘ಸಾಹೇಬ್ರೇ, ಅಲ್ಲಿ ಬಗ್ಗಿ ನೋಡಿದ ಮಂದಿಯೆಲ್ಲ ಒಂದು ಕಣ್ಣು ಮುಚ್ಚಿಕೊಂಡೇ ನೋಡ್ತಿದ್ರು.’

ಅವರು ತಲೆಯೆತ್ತಿದರು. ‘ಮತ್ತ ಅಲ್ಲೇ ಯಾಕ ಬಾಯಿ ಬಿಡಲಿಲ್ಲ?’

‘ಅಲ್ಲಿ ಹೊಳೀಲಿಲ್ರೀ.’

‘ನನಗೂ ಹೊಳೀಲಿಲ್ಲ, ಬಿಡು. ಒಂದು ಕಣ್ಣಿನ ಪೂಜಾ ಅದು. ನಾವು ಎರಡು ಕಣ್ಣಿನ ಪೆಟ್ಟಿಗಿ ಹೊತ್ಕೊಂಡು ಹೋದ್ವಿ.’

ದಾರಿ ಒಂದೇ ಇತ್ತು. ಎಡದ ಚಿತ್ರವನ್ನೇ ಎರಡು ಪ್ರತಿ ಮಾಡಿ ಎರಡೂ ಕಡೆ ಅಂಟಿಸುವುದು. ಆಗ ಯಾವ ಕಣ್ಣಿನಿಂದ ನೋಡಿದರೂ ಶಿಖರ ನಡುವೆಯೇ ಇರುತ್ತದೆ, ಕೊಂಬು ಎರಡೇ ಇರುತ್ತವೆ, ಕಣ್ಣಿಗೆ ಎಳೆತವಿಲ್ಲ. ಆದರೆ ಆಳವೂ ಇಲ್ಲ. ಗೋಡೆಗೆ ತೂಗುಹಾಕಿದ ಪಟದಂತೆ ಎಲ್ಲ ಒಂದೇ ಮಟ್ಟ. ಜೋಡಿಚಿತ್ರ ತೆಗೆಯಲು ಬಾರದ ಬಜಾರಿನವರು ಸಾದಾ ಫೋಟೋವನ್ನು ಹೀಗೆ ಎರಡು ಸಲ ಅಂಟಿಸಿ ಮಾರುವುದುಂಟು. ಸಾಹೇಬರ ಮಟ್ಟಿಗೆ ಅದು ಹಾಲಿಗೆ ನೀರು ಬೆರೆಸುವುದಕ್ಕಿಂತ ಕೀಳು.

‘ನನ್ನ ಅಂಗಡ್ಯಾಗ ಆಗಂಗಿಲ್ಲ,’ ಎಂದರು. ‘ಇನ್ನೊಮ್ಮಿ ಗುಡ್ಡಕ್ಕ ಹೋಗೋಣ. ದೂರದಿಂದ ತಗಿಯೋಣ. ಪೂಜಾರಿ ಏನರ ಅನ್ನಲಿ.’

‘ಮಳಿ ಶುರುವಾದ್ರ ಕಾಡು ದಾಟಾಕ ಆಗಂಗಿಲ್ರೀ. ಮಳಿ ಮುಗಿಯೋತನ ಆಯಮ್ಮನ ಬಲಗಣ್ಣು ಉಳಿಯೋದು ಸುಳ್ಳು.’

ಸಾಹೇಬರು ಎದ್ದು ಹೋಗಿ ನಮಾಜು ಮುಗಿಸಿ ಬಂದು, ಕತ್ತಲೆಕೋಣೆಯ ಬಾಗಿಲು ಹಾಕಿಕೊಂಡರು. ನನ್ನನ್ನು ಕರೆಯಲಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಎಡದ ಚಿತ್ರದ ಎರಡು ಪ್ರತಿಗಳಿದ್ದವು. ಪ್ಲೇಟಿನಲ್ಲಿ ಶಿಖರ ಎಂದರೆ ಸೂಜಿಮೊನೆಯಷ್ಟಿತ್ತು. ಅವರು ನಡುವಿನ ಭಾಗವನ್ನಷ್ಟೇ ದೊಡ್ಡದು ಮಾಡಿ ತೆಗೆದಿದ್ದರು. ದೊಡ್ಡದು ಮಾಡಿದರೆ ಚಿತ್ರದ ನಯ ಹೋಗುತ್ತದೆ. ಆಕಾಶವೆಲ್ಲ ರವೆ ಚೆಲ್ಲಿದಂತೆ ಆಗಿತ್ತು. ತೀರ ಹತ್ತಿರವಿದ್ದುದರಿಂದ ಮೊದಲೇ ಮಸುಕಾಗಿದ್ದ ಕೊಂಬುಗಳು ಎರಡು ಹೊಗೆಯ ಎಳೆಗಳಾಗಿದ್ದವು. ಶಿಖರ ಮಾತ್ರ ಎಳ್ಳಿನಷ್ಟಾಗಿ, ಬೆಳ್ಳಗೆ, ಅಂಚು ಕೆಡದೆ ನಿಂತಿತ್ತು. ಬೇರೆ ಯಾವ ಗಿರಾಕಿಗಾದರೂ ಆಗಿದ್ದರೆ ಅಂಥ ಕಾರ್ಡನ್ನು ಅವರೇ ಹರಿದು ಒಲೆಗೆ ಹಾಕುತ್ತಿದ್ದರು. ಎರಡು ಪ್ರತಿಗಳನ್ನೂ ತಾವೇ ಅಂಟಿಸಿದರು. ಕೆಳಅಂಚಿಗೆ ಪಟ್ಟಿ ಹಿಡಿದು ಮೂರು ಸಲ ನೋಡಿದರು.

ಈ ಸಲ ನೀಲಮ್ಮನವರು ಕರೆದದ್ದಕ್ಕೆ ಏಳಲಿಲ್ಲ. ‘ಬ್ಯಾಡ ಬಿಡ್ರಿ, ನಿಮಗ ಯಾಕ ತ್ರಾಸು’ ಎಂದರು. ಸೊಸೆ ಬಂದು, ‘ಅತ್ತೀ, ನಾ ನೋಡೀನಿ. ಎರಡ ಅದಾವು’ ಎಂದ ಮೇಲೆ ಕೈ ಚಾಚಿದರು. ಸ್ನಾನ, ಪೂಜೆಯ ಸಿದ್ಧತೆ ಏನೂ ಇರಲಿಲ್ಲ. ಕುಳಿತಲ್ಲೇ ತಿರುಗಿ, ಅಂಗಳದ ಬೆಳಕಿಗೆ ಪೆಟ್ಟಿಗೆ ಹಿಡಿದರು.

ಪೆಟ್ಟಿಗೆಯ ಹಿಡಿಯ ಮೇಲೆ ಅವರ ಬೆರಳು ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾದವು. ತುಟಿ ಅಲುಗುತ್ತಿತ್ತು. ಬಸವಲಿಂಗಪ್ಪನವರು ತಡೆಯಲಾರದೆ, ‘ಅವ್ವಾ, ಕಾಣ್ತೈತೇನು?’ ಎಂದರು.

‘ಐತಿ.’

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು. ‘ಶಿಖರ ಮುಂದ ಬಂದೈತಿ. ಕೊಂಬು ಹಿಂದ ಸರದಾವ. ಸಾಬ್ರ, ಹಂಗ ಇರತೈತೇನು ಅಲ್ಲಿ?’

ಮಸುಕಾದದ್ದು ಹಿಂದಿದ್ದಂತೆಯೂ ಸ್ಪಷ್ಟವಾದದ್ದು ಮುಂದಿದ್ದಂತೆಯೂ ಆಳವಿಲ್ಲದ ಚಿತ್ರದಲ್ಲಿ ಕಾಣುತ್ತದೆ. ಕೊಂಬುಗಳು ಕೈಗೆ ಸಿಗುವಷ್ಟು ಹತ್ತಿರ, ಶಿಖರ ಕಾಡಿನ ಆಚೆ ಹರದಾರಿಗಟ್ಟಲೆ ದೂರ ಎಂದು ತಿದ್ದಲು ಸಾಹೇಬರು ಬಾಯಿ ತೆರೆದದ್ದನ್ನು ನೋಡಿದೆ. ಮುಂದಿನದನ್ನು ಮುಂದೆ, ಹಿಂದಿನದನ್ನು ಹಿಂದೆ ನಿಲ್ಲಿಸುವುದಕ್ಕಾಗಿಯೇ ಆ ಮನುಷ್ಯ ತಮ್ಮ ಕಣ್ಣು, ಬೆನ್ನು ಎರಡನ್ನೂ ಸವೆಸಿದ್ದರು.

‘ಹೌದಮ್ಮಾ,’ ಎಂದರು. ‘ಅಲ್ಲೂ ಶಿಖರ ಮುಂದ ಐತಿ.’

ನೀಲಮ್ಮ ಪೆಟ್ಟಿಗೆಯನ್ನು ಕಣ್ಣಿನಿಂದ ಇಳಿಸಲಿಲ್ಲ. ನಾವು ಹೋಗಿಬರುತ್ತೇವೆಂದು ಹೇಳದೆ ಎದ್ದು ಹೊರಗೆ ಬಂದೆವು.